ನಾನಾವತಿ ಮೊಕದ್ದಮೆ

1959ರ ಏಪ್ರಿಲ್ 27ರಂದು ಮುಂಬಯಿಯಲ್ಲಿ ಪ್ರೇಮ್ ಆಹುಜಾ ಎಂಬ ಮೋಟಾರು ವ್ಯಾಪಾರಿಯ ಕೊಲೆಯಾಯಿತು. ಗುಂಡು ಹಾರಿಸಿದವರು ಭಾರತೀಯ ನೌಕಾಪಡೆಯ ಕಮಾಂಡರ್ ಕಾವಸ್ ಮಾಣೆಕ್‌ಶಾ ನಾನಾವತಿ. ಈ ಮೊಕದ್ದಮೆ ಸೆಷನ್ಸ್ ನ್ಯಾಯಾಲಯದಿಂದ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ, ಕೊನೆಗೆ ರಾಜಭವನಕ್ಕೆ ಹೋಗಿ 1964ರಲ್ಲಿ ಮುಗಿಯಿತು. 2019ರಲ್ಲಿ ಬಂದ ‘ದಿ ವರ್ಡಿಕ್ಟ್: ಸ್ಟೇಟ್ ವರ್ಸಸ್ ನಾನಾವತಿ’ ಎಂಬ ಹತ್ತು ಕಂತುಗಳ ಧಾರಾವಾಹಿಗೆ ಇದೇ ಮೂಲ. ‘ಯೇ ರಾಸ್ತೇ ಹೈಂ ಪ್ಯಾರ್ ಕೇ’ (1963), ‘ಅಚಾನಕ್’ (1973), ‘ರುಸ್ತುಂ’ (2016) ಚಿತ್ರಗಳಿಗೂ ಇದೇ ಎಳೆ. ಪರದೆಯ ಮೇಲೆ ಹೆಚ್ಚು ಹೊತ್ತು ಮಿಂಚುವುದು ಪ್ರೇಮ, ಸಮವಸ್ತ್ರ ಮತ್ತು ಜ್ಯೂರಿ. ಕಾನೂನಿನ ಪುಸ್ತಕಗಳಲ್ಲಿ ಈ ಮೊಕದ್ದಮೆಗೆ ಸ್ಥಾನ ಸಿಕ್ಕಿದ್ದು ಮಾತ್ರ ಜ್ಯೂರಿ ಎದ್ದು ಮನೆಗೆ ಹೋದ ಮೇಲೆ ನಡೆದ ಸಂಗತಿಗಳಿಂದ.

ನಾನಾವತಿ ಆಗ ಐಎನ್‌ಎಸ್ ಮೈಸೂರು ಹಡಗಿನಲ್ಲಿ ಕ್ಯಾಪ್ಟನ್ನರ ನಂತರದ ಎರಡನೆಯ ಅಧಿಕಾರಿ. ಎಚ್‌ಎಂಎಸ್ ನೈಜೀರಿಯಾ ಎಂಬ ಬ್ರಿಟಿಷ್ ಕ್ರೂಸರನ್ನು ಭಾರತ ಕೊಂಡು, 1957ರ ಆಗಸ್ಟ್‌ನಲ್ಲಿ ಮೈಸೂರಿನ ಹೆಸರಿಟ್ಟು ಸೇವೆಗೆ ಸೇರಿಸಿಕೊಂಡಿತ್ತು. ಹಡಗಿನ ಲಾಂಛನದಲ್ಲಿದ್ದದ್ದು ನಮ್ಮ ಗಂಡಭೇರುಂಡ. 1949ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ನಾನಾವತಿಯವರು ಸಿಲ್ವಿಯಾ ಎಂಬ ಆಂಗ್ಲ ಯುವತಿಯನ್ನು ಮದುವೆಯಾಗಿದ್ದರು. ಮೂವರು ಮಕ್ಕಳು. ಹಡಗಿನ ನೌಕರಿಯೆಂದರೆ ತಿಂಗಳುಗಟ್ಟಲೆ ಮನೆಯಿಂದ ದೂರ. ಆ ದಿನ ಮಧ್ಯಾಹ್ನ, ಆಹುಜಾ ಜೊತೆ ತನಗೆ ಸಂಬಂಧವಿದೆ ಎಂದು ಪತ್ನಿ ಒಪ್ಪಿಕೊಂಡರು.

ಅನಂತರದ ಮೂರು ಗಂಟೆಗಳನ್ನು ನ್ಯಾಯಾಲಯಗಳು ನಿಮಿಷ ನಿಮಿಷವಾಗಿ ಅಳೆದವು. ಮಧ್ಯಾಹ್ನ ಒಂದೂವರೆಗೆ ನಾನಾವತಿ ಹೆಂಡತಿ ಮಕ್ಕಳೊಂದಿಗೆ ಮನೆ ಬಿಟ್ಟರು. ಅವರನ್ನು ಮೆಟ್ರೊ ಚಿತ್ರಮಂದಿರದಲ್ಲಿ ಇಳಿಸಿ, ಆಟ ಮುಗಿದ ಮೇಲೆ ಬಂದು ಕರೆದೊಯ್ಯುವುದಾಗಿ ಹೇಳಿದರು. ನೇರವಾಗಿ ಹಡಗಿಗೆ ಹೋದರು. ರಾತ್ರಿ ಒಬ್ಬನೇ ಕಾರಿನಲ್ಲಿ ಅಹಮದ್‌ನಗರಕ್ಕೆ ಹೋಗುವುದಿದೆ ಎಂಬ ಕಾರಣ ಕೊಟ್ಟು ಉಗ್ರಾಣದಿಂದ ಒಂದು ರಿವಾಲ್ವರ್, ಆರು ಗುಂಡು ಪಡೆದರು. ಅದನ್ನು ಕಂದು ಬಣ್ಣದ ಲಕೋಟೆಯೊಳಗಿಟ್ಟರು. ಆಹುಜಾ ಕಚೇರಿಯಲ್ಲಿ ಸಿಗಲಿಲ್ಲ. ಮನೆಗೆ ಹೋದರು, ಬಾಗಿಲು ತೆರೆದ ಕೆಲಸದವನನ್ನು ದಾಟಿ ಲಕೋಟೆ ಹಿಡಿದೇ ಮಲಗುವ ಕೋಣೆಗೆ ನಡೆದರು. ಸಿಲ್ವಿಯಾಳನ್ನು ಮದುವೆಯಾಗಿ ಮಕ್ಕಳನ್ನು ನೋಡಿಕೊಳ್ಳುವೆಯಾ ಎಂದು ಕೇಳಿದೆ, ಸಿಕ್ಕ ಉತ್ತರ ಅವಮಾನಕರವಾಗಿತ್ತು ಎಂಬುದು ಅವರ ಹೇಳಿಕೆ. ಮೂರು ಗುಂಡು ಹಾರಿದವು. ಆಗ ಸಂಜೆ ನಾಲ್ಕೂ ಇಪ್ಪತ್ತರ ಹೊತ್ತು. ಅಲ್ಲಿಂದ ಹೊರಟು ನೌಕಾಪಡೆಯ ಪ್ರೊವೊಸ್ಟ್ ಮಾರ್ಷಲ್‌ರಿಗೆ ವಿಷಯ ತಿಳಿಸಿ, ಪೊಲೀಸ್ ಡೆಪ್ಯುಟಿ ಕಮಿಷನರ್ ಜಾನ್ ಲೋಬೊ ಅವರ ಮುಂದೆ ಶರಣಾದರು.

ಹಡಗಿನ ಅಧಿಕಾರಿ, ಹಡಗಿನ ರಿವಾಲ್ವರ್. ಹಾಗಿದ್ದ ಮೇಲೆ ಕೋರ್ಟ್ ಮಾರ್ಷಲ್ ಏಕೆ ನಡೆಯಲಿಲ್ಲ? ಧಾರಾವಾಹಿ ನೋಡಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು. ಉತ್ತರ 1957ರ ನೌಕಾಪಡೆ ಕಾಯ್ದೆಯ 78ನೆಯ ಕಲಮಿನಲ್ಲಿದೆ. ಸೇನಾ ಕಾನೂನುಗಳಿಗೆ ಒಳಪಡದ ಸಾಮಾನ್ಯ ನಾಗರಿಕನನ್ನು ನೌಕಾಪಡೆಯವನೊಬ್ಬ ಕೊಂದರೆ ಆ ಕಾಯ್ದೆಯಡಿ ವಿಚಾರಣೆ ನಡೆಸುವಂತಿಲ್ಲ. ಯುದ್ಧಕಾಲದಂಥ ಸಕ್ರಿಯ ಸೇವೆಯಲ್ಲಿದ್ದಾಗ, ದೇಶದ ಹೊರಗಿದ್ದಾಗ ಅಥವಾ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಸ್ಥಳದಲ್ಲಿದ್ದಾಗ ಮಾತ್ರ ಇದಕ್ಕೆ ವಿನಾಯಿತಿ. ಆಹುಜಾ ನಾಗರಿಕ, ಕೊಲೆ ನಡೆದದ್ದು ಮುಂಬಯಿಯ ಮಲಗುವ ಕೋಣೆಯಲ್ಲಿ. ವಿಚಾರಣೆ ನಾಗರಿಕ ನ್ಯಾಯಾಲಯಕ್ಕೇ ಸೇರಿತು. ಆದರೆ ಆರೋಪಿಯನ್ನು ತನ್ನ ವಶದಲ್ಲಿಟ್ಟುಕೊಳ್ಳಲು ಸಿದ್ಧ ಎಂದು ಮುಂಬಯಿಯ ಫ್ಲ್ಯಾಗ್ ಆಫೀಸರ್ ಮ್ಯಾಜಿಸ್ಟ್ರೇಟರಿಗೆ ಪತ್ರ ಬರೆದರು. ಅದರಂತೆ ನಾನಾವತಿ ಉಳಿದದ್ದು ನೌಕಾಪಡೆಯ ಬಂಧನದಲ್ಲಿ. ಸಮವಸ್ತ್ರ ಧರಿಸಿಯೇ ಅವರು ಕಟಕಟೆಗೆ ಬಂದರು. ಈ ಸಣ್ಣ ಏರ್ಪಾಡು ಮುಂದೆ ಸಂವಿಧಾನದ ಪ್ರಶ್ನೆಯಾಗಿ ಬೆಳೆಯಿತು.

ಸೆಷನ್ಸ್ ನ್ಯಾಯಾಧೀಶ ಆರ್. ಬಿ. ಮೆಹ್ತಾ ಅವರ ಮುಂದೆ ಒಂಬತ್ತು ಮಂದಿಯ ಜ್ಯೂರಿ ಕುಳಿತಿತು. ಸರ್ಕಾರದ ಪರ ವಾದಿಸಿದವರು ಸಿ. ಎಂ. ತ್ರಿವೇದಿ, ಆರೋಪಿಯ ಪರ ಕಾರ್ಲ್ ಖಂಡಾಲಾವಾಲಾ. ಧಾರಾವಾಹಿಯಲ್ಲಿ ಮುಂಚೂಣಿಯಲ್ಲಿ ಕಾಣುವ ರಾಮ್ ಜೇಠ್ಮಲಾನಿ ಈ ವಿಚಾರಣೆಯಲ್ಲಿ ಸರ್ಕಾರದ ಪ್ರಧಾನ ವಕೀಲರಾಗಿರಲಿಲ್ಲ; ಆಹುಜಾರ ಸಹೋದರಿಯ ಪರವಾಗಿ ಕಲಾಪವನ್ನು ಗಮನಿಸಿ ಪ್ರಾಸಿಕ್ಯೂಷನ್ನಿಗೆ ನೆರವಾಗುತ್ತಿದ್ದರು. ಅವರ ಹೆಸರು ದೇಶಕ್ಕೆ ಪರಿಚಯವಾದದ್ದು ಇಲ್ಲಿಂದಲೇ ಎಂಬುದೂ ನಿಜ. ಆರ್. ಕೆ. ಕರಂಜಿಯಾರ ‘ಬ್ಲಿಟ್ಜ್’ ವಾರಪತ್ರಿಕೆ ವಾರ ವಾರವೂ ನಾನಾವತಿಯನ್ನು ಮೋಸಹೋದ ವೀರನನ್ನಾಗಿ ಚಿತ್ರಿಸಿತು. ಪತ್ರಿಕೆಯೊಂದು ಮೊಕದ್ದಮೆಯನ್ನು ಇಷ್ಟು ಬಹಿರಂಗವಾಗಿ ಹೆಗಲಿಗೇರಿಸಿಕೊಂಡದ್ದು ಇವತ್ತಿನ ಸುದ್ದಿವಾಹಿನಿಗಳ ಅಬ್ಬರ ಕಂಡವರಿಗೆ ಹೊಸದೆನಿಸದಿರಬಹುದು. ಆ ಕಾಲಕ್ಕೆ ಹೊಸದು.

ಆರೋಪಿಯ ವಾದ ಸರಳವಾಗಿತ್ತು: ರಿವಾಲ್ವರಿಗಾಗಿ ಇಬ್ಬರೂ ಸೆಣಸಾಡಿದಾಗ ಗುಂಡು ತಾನಾಗಿ ಹಾರಿತು, ಇದು ಆಕಸ್ಮಿಕ. ಇದಕ್ಕೆ ಎದುರು ನಿಂತದ್ದು ಒಂದು ಟವೆಲು. ಆಹುಜಾ ಸ್ನಾನ ಮುಗಿಸಿ ಬಂದಿದ್ದರು. ಸೊಂಟಕ್ಕೆ ಸುತ್ತಿದ್ದ ಟವೆಲು ಹೆಣದ ಮೇಲೆ ಸುತ್ತಿದಂತೆಯೇ ಇತ್ತು. ಇಬ್ಬರು ಗಂಡಸರು ಪ್ರಾಣಕ್ಕಾಗಿ ಹೊಡೆದಾಡಿದ್ದರೆ ಅದು ಬಿಚ್ಚಿ ಬೀಳುತ್ತಿರಲಿಲ್ಲವೇ ಎಂಬುದು ಪ್ರಾಸಿಕ್ಯೂಷನ್ನಿನ ಪ್ರಶ್ನೆ. ಜ್ಯೂರಿ ಅದಕ್ಕೆ ಸೊಪ್ಪು ಹಾಕಲಿಲ್ಲ. ಎಂಟು ಮಂದಿ ನಿರ್ದೋಷಿ ಎಂದರು, ಒಬ್ಬರು ಒಪ್ಪಲಿಲ್ಲ.

ಸಿನಿಮಾಕ್ಕೆ ಇಲ್ಲಿಗೆ ಮುಗಿಸುವುದು ಸುಲಭ, ‘ರುಸ್ತುಂ’ ಹಾಗೆಯೇ ಮುಗಿಯುತ್ತದೆ. (ಆ ಚಿತ್ರ ತುರುಕಿದ ಯುದ್ಧನೌಕೆ ಖರೀದಿಯ ಲಂಚದ ಕತೆಗೂ ಈ ಮೊಕದ್ದಮೆಗೂ ಸಂಬಂಧವಿಲ್ಲ.) ಆದರೆ 1898ರ ದಂಡ ಪ್ರಕ್ರಿಯಾ ಸಂಹಿತೆಯ 307ನೆಯ ಕಲಂ ನ್ಯಾಯಾಧೀಶರ ಕೈಗೆ ಒಂದು ಅಸ್ತ್ರ ಕೊಟ್ಟಿತ್ತು. ಜ್ಯೂರಿಯ ತೀರ್ಪನ್ನು ಒಪ್ಪಲಾಗದಿದ್ದರೆ, ನ್ಯಾಯದ ಹಿತಕ್ಕೆ ಅಗತ್ಯವೆನಿಸಿದರೆ, ಪ್ರಕರಣವನ್ನು ಅವರು ಹೈಕೋರ್ಟಿಗೆ ಕಳಿಸಬಹುದು. ಮೆಹ್ತಾ ಕಳಿಸಿದರು. ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾದ ಶೆಲತ್ ಮತ್ತು ನಾಯಕ್ ವಿಚಾರಿಸಿದರು. ಸರ್ಕಾರದ ಪರ ನಿಂತವರು ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾದ ವೈ. ವಿ. ಚಂದ್ರಚೂಡ್. ಆಕಸ್ಮಿಕ ಎಂದು ಹೇಳುವವನೇ ಅದನ್ನು ರುಜುವಾತುಪಡಿಸಬೇಕು ಎಂಬುದನ್ನು ಸೆಷನ್ಸ್ ನ್ಯಾಯಾಧೀಶರು ಜ್ಯೂರಿಗೆ ಸರಿಯಾಗಿ ತಿಳಿಸಿರಲಿಲ್ಲ ಎಂಬುದು ಅಲ್ಲಿ ಹೊರಬಂತು. ತೀರ್ಪನ್ನು ಒಪ್ಪದ ನ್ಯಾಯಾಧೀಶರದೇ ತಪ್ಪು ಆ ತೀರ್ಪು ಬೀಳಲು ಒಂದು ಕಾರಣವಾಯಿತು! 1960ರ ಮಾರ್ಚ್ 11ರಂದು ಹೈಕೋರ್ಟು ಭಾರತೀಯ ದಂಡ ಸಂಹಿತೆಯ 302ನೆಯ ಕಲಮಿನಡಿ ಜೀವಾವಧಿ ಶಿಕ್ಷೆ ವಿಧಿಸಿತು.

ಅದೇ ದಿನ ರಾಜ್ಯಪಾಲ ಶ್ರೀ ಪ್ರಕಾಶ ಅವರು ಸಂವಿಧಾನದ 161ನೆಯ ವಿಧಿಯಡಿ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟರು. ಸುಪ್ರೀಂ ಕೋರ್ಟಿನಲ್ಲಿ ಮೇಲ್ಮನವಿ ಇತ್ಯರ್ಥವಾಗುವ ತನಕ ನಾನಾವತಿ ಐಎನ್‌ಎಸ್ ಕುಂಜಾಲಿಯ ನೌಕಾ ಬಂಧನದಲ್ಲೇ ಇರಲಿ ಎಂದು ಆದೇಶ. ಬಂಧಿಸಲು ಹೊರಟ ವಾರಂಟು ಜಾರಿಯಾಗದೆ ಹಿಂತಿರುಗಿತು. ನ್ಯಾಯಾಲಯ ಜೈಲಿಗೆ ಕಳಿಸಿದವನನ್ನು ಸರ್ಕಾರ ಜೈಲಿನ ಬಾಗಿಲಲ್ಲೇ ತಡೆದು ನಿಲ್ಲಿಸಿದಂತಾಯಿತು. ಹೈಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ರಾಜ್ಯಪಾಲರ ಅಧಿಕಾರವನ್ನು ಒಪ್ಪಿತು.

ಸುಪ್ರೀಂ ಕೋರ್ಟಿನಲ್ಲಿ ಹೊಸ ತೊಡಕು. ಶಿಕ್ಷೆಗೆ ಶರಣಾಗದವನ ಅರ್ಜಿಯನ್ನು ವಿಚಾರಣೆಗೆ ಹಚ್ಚುವುದಿಲ್ಲ ಎಂಬುದು ಆ ನ್ಯಾಯಾಲಯದ ನಿಯಮ. ರಾಜ್ಯಪಾಲರ ಆದೇಶವಿರುವಾಗ ಶರಣಾಗುವುದಾದರೂ ಹೇಗೆ? ಮುಖ್ಯ ನ್ಯಾಯಮೂರ್ತಿ ಬಿ. ಪಿ. ಸಿನ್ಹಾ ಅವರ ಸಂವಿಧಾನ ಪೀಠ 1960ರ ಸೆಪ್ಟೆಂಬರ್ 5ರಂದು ನಾಲ್ಕು ಒಂದರ ಬಹುಮತದಿಂದ ಗೆರೆ ಎಳೆಯಿತು. ಕ್ಷಮೆ ನೀಡುವ ರಾಜ್ಯಪಾಲರ ಅಧಿಕಾರಕ್ಕೆ ಧಕ್ಕೆಯಿಲ್ಲ. ಆದರೆ ವಿಷಯ ಸುಪ್ರೀಂ ಕೋರ್ಟಿನ ಕೈಯಲ್ಲಿರುವಾಗ ಶಿಕ್ಷೆಯನ್ನು ಅಮಾನತಿನಲ್ಲಿಡುವ ಮಾತು ನಡೆಯದು. ನ್ಯಾಯಮೂರ್ತಿ ಕಪೂರ್ ಭಿನ್ನಮತ ಬರೆದರು. ಇಡೀ ಮೊಕದ್ದಮೆಯಲ್ಲಿ ಕಾನೂನಿನ ದೃಷ್ಟಿಯಿಂದ ಅತ್ಯಂತ ತೂಕದ ಭಾಗ ಇದು. ನಟರಿಗೆ ಮಾತ್ರ ಇಲ್ಲಿ ಹೆಚ್ಚು ಕೆಲಸವಿಲ್ಲ.

ಮೇಲ್ಮನವಿಯಲ್ಲಿ ನಾನಾವತಿಯ ಪರ ವಾದಿಸಿದವರು ಜಿ. ಎಸ್. ಪಾಠಕ್. ಮುಂದೆ ಅವರು ಮೈಸೂರು ರಾಜ್ಯದ ರಾಜ್ಯಪಾಲರಾಗಿ, ಆಮೇಲೆ ಉಪರಾಷ್ಟ್ರಪತಿಯಾದರು. 1961ರ ನವೆಂಬರ್ 24ರ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಕೆ. ಸುಬ್ಬರಾವ್. ಮೊಕದ್ದಮೆ ನಡೆಯುತ್ತಿರುವಾಗಲೇ ಮುಂಬಯಿ ರಾಜ್ಯ ಒಡೆದು ಮಹಾರಾಷ್ಟ್ರವಾಗಿದ್ದರಿಂದ, ಹಿಂದಿನ ತೀರ್ಪಿನಲ್ಲಿ ಎದುರುವಾದಿ ‘ಮುಂಬಯಿ ರಾಜ್ಯ’, ಇದರಲ್ಲಿ ‘ಮಹಾರಾಷ್ಟ್ರ ರಾಜ್ಯ’. ವಿದ್ಯಾರ್ಥಿಗಳು ಎರಡನ್ನೂ ಒಂದೇ ಎಂದು ಕಲಸುವುದುಂಟು.

ಆಕಸ್ಮಿಕ ಎಂಬ ವಾದ ಇಲ್ಲೂ ನಿಲ್ಲಲಿಲ್ಲ; ಉಳಿದದ್ದು ಪ್ರಚೋದನೆಯ ವಾದ. ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 300ನೆಯ ಕಲಮಿನ ಮೊದಲ ವಿನಾಯಿತಿಯ ಪ್ರಕಾರ, ಗಂಭೀರವಾದ ಹಾಗೂ ಹಠಾತ್ತಾದ ಪ್ರಚೋದನೆಯಿಂದ ಹಿಡಿತ ತಪ್ಪಿ ಕೊಂದರೆ ಅದು ಕೊಲೆಯಾಗದೆ ಕಡಿಮೆ ಶಿಕ್ಷೆಯ ಮಾನವಹತ್ಯೆಯಾಗುತ್ತದೆ. ಅಳತೆಗೋಲು ಯಾವುದು? ಆರೋಪಿಯ ಸಮಾಜದ ವರ್ಗಕ್ಕೇ ಸೇರಿದ ವಿವೇಕಿಯೊಬ್ಬ ಅದೇ ಸನ್ನಿವೇಶದಲ್ಲಿ ಹಿಡಿತ ತಪ್ಪುತ್ತಿದ್ದನೇ ಎಂದು ನೋಡಬೇಕು ಎಂದಿತು ನ್ಯಾಯಾಲಯ. ಮಾತು, ಸನ್ನೆಗಳೂ ಕೆಲವೊಮ್ಮೆ ಪ್ರಚೋದನೆಯಾಗಬಹುದು. ಸತ್ತವನ ಹಿಂದಿನ ನಡತೆ ಉಂಟುಮಾಡಿದ ಮನಃಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಆದರೆ ಪ್ರಾಣ ತೆಗೆದ ಪೆಟ್ಟು ಆ ಆವೇಶದಿಂದಲೇ ಹುಟ್ಟಿರಬೇಕು, ಆವೇಶ ಇಳಿದು ಯೋಚನೆಗೆ ಎಡೆ ಸಿಕ್ಕ ಮೇಲೆ ಬಿದ್ದಿರಬಾರದು. ಚಿತ್ರಮಂದಿರ, ಹಡಗಿನ ಉಗ್ರಾಣ, ಆಹುಜಾರ ಕಚೇರಿ ಸುತ್ತಿ ಬಂದ ಮೂರು ಗಂಟೆ ಆ ಆವೇಶ ತಣ್ಣಗಾಗಲು ಸಾಕು. ಜೀವಾವಧಿ ಶಿಕ್ಷೆ ಉಳಿಯಿತು. ಪ್ರಚೋದನೆಯ ಈ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ. ಆ ವಿನಾಯಿತಿ ಈಗ ಭಾರತೀಯ ನ್ಯಾಯ ಸಂಹಿತೆಯ 101ನೆಯ ಕಲಮಿನಲ್ಲಿದೆ.

1964ರಲ್ಲಿ ರಾಜ್ಯಪಾಲೆ ವಿಜಯಲಕ್ಷ್ಮಿ ಪಂಡಿತ್ ಕ್ಷಮಾದಾನ ನೀಡಿದರು. ನಾನಾವತಿ ಪಾರ್ಸಿ, ಆಹುಜಾ ಸಿಂಧಿ. ಬೇರೊಂದು ಪ್ರಕರಣದಲ್ಲಿ ಶಿಕ್ಷೆಗೊಳಗಾಗಿದ್ದ ಸಿಂಧಿ ವ್ಯಾಪಾರಿ ಭಾಯಿ ಪ್ರತಾಪರಿಗೂ ಆಗಲೇ ಕ್ಷಮೆ ಸಿಕ್ಕಿತು. ಎರಡು ಸಮುದಾಯಗಳನ್ನು ಸರಿದೂಗಿಸುವ ಲೆಕ್ಕ ಅದರಲ್ಲಿತ್ತು ಎಂಬ ಮಾತಿದೆ. ನಾನಾವತಿ ಕುಟುಂಬ ಆಮೇಲೆ ಕೆನಡಾಕ್ಕೆ ಹೋಗಿ ನೆಲೆಸಿತು. ನಾನಾವತಿ 2003ರಲ್ಲಿ ತೀರಿಕೊಂಡರು.

ಇದು ಭಾರತದ ಕೊನೆಯ ಜ್ಯೂರಿ ವಿಚಾರಣೆ, ಇದರಿಂದಾಗಿಯೇ ಜ್ಯೂರಿ ಪದ್ಧತಿ ರದ್ದಾಯಿತು ಎಂಬ ಮಾತು ಬಾಯಿಂದ ಬಾಯಿಗೆ ಹರಡಿದೆ. ಎರಡೂ ಸರಿಯಲ್ಲ. ಕೊಲೆ ನಡೆಯುವ ಹಿಂದಿನ ವರ್ಷವೇ, 1958ರಲ್ಲಿ, ಕಾನೂನು ಆಯೋಗ ತನ್ನ ಹದಿನಾಲ್ಕನೆಯ ವರದಿಯಲ್ಲಿ ಜ್ಯೂರಿಯನ್ನು ಕೈಬಿಡಲು ಶಿಫಾರಸು ಮಾಡಿತ್ತು. ಈ ಪ್ರಕರಣದ ನಂತರವೂ ದೇಶದ ಕೆಲವೆಡೆ ಜ್ಯೂರಿ ಕುಳಿತಿತು. ಅದಕ್ಕೆ ಪೂರ್ತಿ ತೆರೆ ಬಿದ್ದದ್ದು 1973ರ ದಂಡ ಪ್ರಕ್ರಿಯಾ ಸಂಹಿತೆಯಿಂದ. ಪಾರ್ಸಿಗಳ ವಿವಾಹ ವಿಚ್ಛೇದನದ ವ್ಯಾಜ್ಯಗಳಲ್ಲಿ ಮಾತ್ರ, 1936ರ ಕಾಯ್ದೆಯಂತೆ, ಆ ಸಮುದಾಯದ ಪ್ರತಿನಿಧಿಗಳು ಈಗಲೂ ನ್ಯಾಯಾಧೀಶರ ಜೊತೆ ಕುಳಿತುಕೊಳ್ಳುತ್ತಾರೆ.