ವಾಯುರಹಿತ ಆಕಾಶಕಾಯಗಳ ಗಾಮಾ ಕಿರಣಗಳು

ಚಂದ್ರ, ಬುಧ, ಕ್ಷುದ್ರಗ್ರಹಗಳಂತೆ ಗಾಳಿಯ ಹೊದಿಕೆ ಇಲ್ಲದ ಕಾಯಗಳ ನೆಲಕ್ಕೆ ವಿಶ್ವಕಿರಣಗಳು ನೇರವಾಗಿ ಬಡಿದಾಗ ಆ ನೆಲದಿಂದ ಹೊಮ್ಮುವ ವಿಕಿರಣ. ಬೆಳದಿಂಗಳು ಸೂರ್ಯನಿಂದ ಎರವಲು ಬಂದದ್ದು. ಈ ಗಾಮಾ ಕಿರಣಗಳು ಮಾತ್ರ ಚಂದ್ರನ ಮಣ್ಣಿನಲ್ಲೇ ಹುಟ್ಟುತ್ತವೆ. ಹಾಗಾಗಿ ಅವುಗಳ ಶಕ್ತಿಯನ್ನು ಅಳೆದರೆ ಬಡಿದ ಕಣ ಎಂಥದು, ಪೆಟ್ಟು ತಿಂದ ಮಣ್ಣು ಎಂಥದು ಎಂಬ ಎರಡೂ ತಿಳಿಯುತ್ತವೆ. ಹೆಚ್ಚು ಶಕ್ತಿಯ ಕಿರಣಗಳಿಂದ ಮೊದಲನೆಯದು, ಕಡಿಮೆ ಶಕ್ತಿಯವುಗಳಿಂದ ಎರಡನೆಯದು.

ವಿಶ್ವಕಿರಣಗಳೆಂದರೆ ಬೆಳಕಿನ ವೇಗಕ್ಕೆ ಸಮೀಪದ ವೇಗದಲ್ಲಿ ಧಾವಿಸುವ ಕಣಗಳು. ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಪ್ರೋಟಾನುಗಳು. ಉಳಿದವುಗಳಲ್ಲಿ ಹೀಲಿಯಂ ನ್ಯೂಕ್ಲಿಯಸ್‌ಗಳದೇ ಬಹುಪಾಲು. ಆಸ್ಟ್ರಿಯದ ವಿಕ್ಟರ್ ಹೆಸ್ 1912ರಲ್ಲಿ ಬಲೂನಿನಲ್ಲಿ ಐದು ಕಿಲೋಮೀಟರಿಗೂ ಮೇಲೇರಿ ಇವುಗಳ ಇರವನ್ನು ಕಂಡುಹಿಡಿದರು. ಭೂಮಿಯ ಪ್ರತಿ ಚದರ ಸೆಂಟಿಮೀಟರ್ ನೆಲದ ಮೇಲೆ ಸುಮಾರು ಒಂದು ಕಿಲೋಗ್ರಾಂ ಗಾಳಿ ನಿಂತಿದೆ. ಹತ್ತು ಮೀಟರ್ ಆಳದ ನೀರಿಗೆ ಸಮನಾದ ಈ ತಡೆ ಮತ್ತು ಭೂಮಿಯ ಕಾಂತಕ್ಷೇತ್ರ ಸೇರಿ ನಮ್ಮನ್ನು ಕಾಯುತ್ತವೆ. ಚಂದ್ರನಿಗೆ ಗಾಳಿಯೂ ಇಲ್ಲ, ಇಡೀ ಗೋಳವನ್ನು ಆವರಿಸುವ ಕಾಂತಕ್ಷೇತ್ರವೂ ಇಲ್ಲ. ಅಲ್ಲಿನ ಪುಡಿಮಣ್ಣೇ ಮೊದಲ ಪೆಟ್ಟನ್ನು ತಾಳಿಕೊಳ್ಳಬೇಕು.

ಶಕ್ತಿಯುತ ಪ್ರೋಟಾನೊಂದು ಆಮ್ಲಜನಕದ ಅಥವಾ ಸಿಲಿಕಾನಿನ ನ್ಯೂಕ್ಲಿಯಸ್ಸಿಗೆ ಡಿಕ್ಕಿ ಹೊಡೆದಾಗ ಪಯಾನ್ ಎಂಬ ಕಣಗಳು ಹುಟ್ಟುತ್ತವೆ. ವಿದ್ಯುದಂಶವಿಲ್ಲದ ಪಯಾನಿನ ಆಯುಸ್ಸು ಒಂದು ಸೆಕೆಂಡಿನ ಸಾವಿರ ಕೋಟಿಯ ಒಂದು ಪಾಲಿಗಿಂತಲೂ ಎಷ್ಟೋ ಕಡಿಮೆ. ಹುಟ್ಟಿದ ಜಾಗದಲ್ಲೇ ಎರಡು ಗಾಮಾ ಫೋಟಾನುಗಳಾಗಿ ಒಡೆಯುತ್ತದೆ. ನಿಂತ ಪಯಾನ್ ಒಡೆದರೆ ಪ್ರತಿ ಫೋಟಾನಿನ ಪಾಲಿಗೆ 67.5 ಎಂಇವಿ (ಒಂದು ಎಂಇವಿ ಎಂದರೆ ಹತ್ತು ಲಕ್ಷ ಇಲೆಕ್ಟ್ರಾನ್ ವೋಲ್ಟ್). ಫೋಟಾನುಗಳಿಂದ ಇಲೆಕ್ಟ್ರಾನ್ ಜೋಡಿಗಳು, ಅವುಗಳಿಂದ ಮತ್ತೆ ಫೋಟಾನುಗಳು, ಹೀಗೆ ಕಣಗಳ ಧಾರೆ ಬೆಳೆಯುತ್ತದೆ. ಇಂಥ ಧಾರೆಯ ಸಿದ್ಧಾಂತವನ್ನು 1937ರಲ್ಲಿ ಹೋಮಿ ಭಾಭಾ ಮತ್ತು ವಾಲ್ಟರ್ ಹೈಟ್ಲರ್ ಮಂಡಿಸಿದರು. ಮುಂದೆ ಭಾಭಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣ ಸಂಶೋಧನೆಗೆಂದೇ ಒಂದು ಘಟಕವನ್ನು ಕಟ್ಟಿದರು.

ಧಾರೆ ಸಾಗುವುದು ಬಂದ ಕಣದ ದಿಕ್ಕಿನಲ್ಲಿ, ಅಂದರೆ ಚಂದ್ರನ ಒಳಕ್ಕೆ. ಹೆಚ್ಚು ಶಕ್ತಿಯ ಫೋಟಾನುಗಳು ಅಲ್ಲೇ ಹೂತುಹೋಗುತ್ತವೆ. ಹಿಂದಕ್ಕೆ ಚಿಮ್ಮಿ ಹೊರಬರುವವು ಕಡಿಮೆ ಶಕ್ತಿಯವು. ಚಂದ್ರನ ಗಾಮಾ ರೋಹಿತ ಸುಮಾರು 150 ಎಂಇವಿಯ ಬಳಿ ಶಿಖರ ಮುಟ್ಟಿ ಅನಂತರ ಕಡಿದಾಗಿ ಇಳಿಯಲು ಇದೇ ಕಾರಣ. ಅಂಚನ್ನು ಸವರಿಕೊಂಡು ಹೋಗುವ ಕಣಗಳ ಧಾರೆಯಿಂದ ಮಾತ್ರ ಹೆಚ್ಚು ಶಕ್ತಿಯವು ಒಂದಿಷ್ಟು ಪಾರಾಗುತ್ತವೆ.

ಈ ಹೊಳಪನ್ನು ಮೊದಲು ಗುರುತಿಸಿದ್ದು 1991ರಲ್ಲಿ ಕಕ್ಷೆಗೇರಿದ ಕಾಂಪ್ಟನ್ ವೀಕ್ಷಣಾಲಯದ ಈಗ್ರೆಟ್ ದೂರದರ್ಶಕ; ಫಲಿತಾಂಶ ಪ್ರಕಟವಾದದ್ದು 1997ರಲ್ಲಿ. ಜೂನ್ 2008ರಲ್ಲಿ ಉಡಾವಣೆಯಾದ ಫರ್ಮಿ ದೂರದರ್ಶಕ ಇದನ್ನು ವರ್ಷಗಟ್ಟಲೆ ನೋಡಿತು. ಆದರೂ ಬೆಳಕು ತೀರ ವಿರಳ: 100 ಎಂಇವಿಗೂ ಮೇಲಿನ ಫೋಟಾನುಗಳು ಭೂಮಿಯ ಬಳಿ ಒಂದು ಚದರ ಮೀಟರಿಗೆ ಸುಮಾರು ನೂರು ಸೆಕೆಂಡಿಗೊಂದರಂತೆ ಬರುತ್ತವೆ. ವಿಶ್ವಕಿರಣಗಳು ಎಲ್ಲ ದಿಕ್ಕುಗಳಿಂದ ಸುರಿಯುವುದರಿಂದ ಗಾಮಾ ಕಣ್ಣಿಗೆ ಅಮಾವಾಸ್ಯೆ ಎಂಬುದಿಲ್ಲ. ಚಂದ್ರ ಸದಾ ಪೂರ್ಣಬಿಂಬ. ಕೆಲವು ಹತ್ತು ಎಂಇವಿಗಳಿಂದ ಆರಂಭವಾಗುವ ಪಟ್ಟಿಯಲ್ಲಿ ಚಂದ್ರ ಸೂರ್ಯನಿಗಿಂತ ಪ್ರಕಾಶಮಾನ ಎಂಬುದು ಎಷ್ಟು ಬಾರಿ ಓದಿದರೂ ಬೆರಗು ಹುಟ್ಟಿಸುವ ಸಂಗತಿ. ಸೂರ್ಯನ ಪ್ರಬಲ ಕಾಂತಕ್ಷೇತ್ರ ಕಡಿಮೆ ಶಕ್ತಿಯ ವಿಶ್ವಕಿರಣಗಳನ್ನು ಹೊರಗೇ ತಿರುಗಿಸಿಬಿಡುತ್ತದೆ. ನೂರು ಕೋಟಿ ಇಲೆಕ್ಟ್ರಾನ್ ವೋಲ್ಟಿನ ಆಚೆಗೆ ಮಾತ್ರ ಸೂರ್ಯನದೇ ಮೇಲುಗೈ. ಹನ್ನೊಂದು ವರ್ಷದ ಸೌರಚಕ್ರದಲ್ಲಿ ಚಂದ್ರನ ಗಾಮಾ ಪ್ರಕಾಶ ಸುಮಾರು ಶೇ. 20ರಷ್ಟು ಏರಿಳಿಯುತ್ತದೆ: ಸೂರ್ಯ ಶಾಂತನಾಗಿದ್ದಾಗ ಹೆಚ್ಚು ವಿಶ್ವಕಿರಣಗಳು ಒಳನುಗ್ಗಿ ಚಂದ್ರ ಬೆಳಗುತ್ತಾನೆ.

ಕಡಿಮೆ ಶಕ್ತಿಯ ಕಿರಣಗಳು ಹೆಚ್ಚಾಗಿ ನ್ಯೂಟ್ರಾನುಗಳ ಕೆಲಸ. ಡಿಕ್ಕಿಯಲ್ಲಿ ಸಿಡಿದ ನ್ಯೂಟ್ರಾನುಗಳು ಮಣ್ಣಿನಲ್ಲಿ ಅಲೆಯುತ್ತ ನ್ಯೂಕ್ಲಿಯಸ್‌ಗಳನ್ನು ಕೆರಳಿಸುತ್ತವೆ, ಕೊನೆಗೆ ಯಾವುದಾದರೊಂದರಲ್ಲಿ ಸೇರಿಕೊಳ್ಳುತ್ತವೆ. ಎರಡು ಸಂದರ್ಭಗಳಲ್ಲೂ ಆ ಧಾತುವಿಗೇ ವಿಶಿಷ್ಟವಾದ ಶಕ್ತಿಯ ಗಾಮಾ ಕಿರಣ ಹೊರಡುತ್ತದೆ: ಆಮ್ಲಜನಕಕ್ಕೆ 6.13 ಎಂಇವಿ, ಸಿಲಿಕಾನಿಗೆ 1.78, ಕಬ್ಬಿಣಕ್ಕೆ 7.6ರ ಆಸುಪಾಸು, ಜಲಜನಕಕ್ಕೆ 2.22. ಪೊಟ್ಯಾಸಿಯಂ ಮತ್ತು ಥೋರಿಯಂ ರೇಖೆಗಳಿಗೆ ವಿಶ್ವಕಿರಣಗಳ ಹಂಗಿಲ್ಲ. ಅವು ಸಹಜ ವಿಕಿರಣಪಟುತ್ವದಿಂದಲೇ ಬರುತ್ತವೆ. ಹೊರಬೀಳುವ ಕಿರಣಗಳೆಲ್ಲ ಮೇಲಿನ ಕೆಲವು ಹತ್ತು ಸೆಂಟಿಮೀಟರ್ ಮಣ್ಣಿನ ಸುದ್ದಿ ತರುತ್ತವೆ.

ಚಂದ್ರನ ಕಕ್ಷೆಯಿಂದ ಇಂಥ ಅಳತೆಯನ್ನು ಮೊದಲು ಮಾಡಿದ್ದು ಸೋವಿಯತ್ ಒಕ್ಕೂಟದ ಲೂನಾ 10, 1966ರಲ್ಲಿ. ಅಪೊಲೊ 15 ಮತ್ತು 16ರ ಉಪಕರಣಗಳಿಗೆ ವಿಚಿತ್ರ ತೊಡಕೊಂದು ಎದುರಾಗಿತ್ತು: ವಿಶ್ವಕಿರಣಗಳು ನೌಕೆಯ ಲೋಹಕ್ಕೂ ಬಡಿಯುವುದರಿಂದ ನೌಕೆಯೇ ಗಾಮಾ ಕಿರಣ ಸೂಸುತ್ತದೆ. ಅದಕ್ಕಾಗಿ ಸೋಡಿಯಂ ಅಯೊಡೈಡ್ ಹರಳಿನ ಶೋಧಕವನ್ನು ಸುಮಾರು 7.6 ಮೀಟರ್ ಉದ್ದದ ತೋಳಿನ ತುದಿಯಲ್ಲಿಟ್ಟು ಹೊರಚಾಚಿದರು. 1998–99ರ ಲೂನಾರ್ ಪ್ರಾಸ್ಪೆಕ್ಟರ್ ಇಡೀ ಚಂದ್ರನ ಥೋರಿಯಂ ನಕ್ಷೆ ಬರೆಯಿತು. ಥೋರಿಯಂ ಎಲ್ಲೆಡೆ ಸಮನಾಗಿ ಹರಡದೆ, ನಮಗೆ ಕಾಣುವ ಮುಖದ ಬಿರುಗಾಳಿಗಳ ಸಾಗರ ಮತ್ತು ಅದರ ಸುತ್ತಲೇ ಒಟ್ಟುಗೂಡಿದೆ. ಕರಗಿದ ಶಿಲೆಯ ಆದಿಸಾಗರ ಗಟ್ಟಿಯಾಗುವಾಗ ಕೊನೆಗುಳಿದ ದ್ರವದಲ್ಲಿ ಸೇರುವ ಧಾತು ಇದು; ಚಂದ್ರನ ಎರಡು ಮುಖಗಳ ಚರಿತ್ರೆ ಬೇರೆಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ವಿರಳ. ಜಪಾನಿನ ಕಗುಯಾ ಜರ್ಮೇನಿಯಂ ಶೋಧಕದಿಂದ ಇನ್ನೂ ಸೂಕ್ಷ್ಮವಾಗಿ ಅಳೆಯಿತು.

ಬುಧನ ಮೇಲೆ ಮೆಸೆಂಜರ್ ನೌಕೆ 2011ರಿಂದ ಕಂಡ ಪೊಟ್ಯಾಸಿಯಂ ಪ್ರಮಾಣ ನಿರೀಕ್ಷೆಗಿಂತ ಹೆಚ್ಚಾಗಿತ್ತು. ಸುಲಭವಾಗಿ ಆವಿಯಾಗುವ ಧಾತು ಅಷ್ಟೊಂದು ಉಳಿದದ್ದರಿಂದ, ಬುಧ ಉಗ್ರ ತಾಪದಲ್ಲಿ ತನ್ನ ಹೊರಪದರ ಕಳೆದುಕೊಂಡಿತೆಂಬ ಕೆಲವು ವಾದಗಳು ಕುಸಿದವು. ವೆಸ್ಟಾ ಮತ್ತು ಸೆರೆಸ್‌ಗಳನ್ನು ಡಾನ್ ನೌಕೆ ಪರೀಕ್ಷಿಸಿತು.

ಸಣ್ಣ ಕಾಯಗಳ ಬಳಿ ಈ ವಿಧಾನದ ಮಿತಿ ಎದ್ದು ಕಾಣುತ್ತದೆ. ಕಿರಣಗಳು ಕಡಿಮೆಯಾದ್ದರಿಂದ ನೌಕೆ ನೆಲಕ್ಕೆ ಹತ್ತಿರ ಬಂದು ಬಹುಕಾಲ ಕಾಯಬೇಕು. ಈರೋಸ್ ಕ್ಷುದ್ರಗ್ರಹದ ಕಕ್ಷೆಯಲ್ಲಿದ್ದ ನಿಯರ್ ನೌಕೆಗೆ ದುರ್ಬಲ ಸಂಕೇತಗಳಷ್ಟೇ ಸಿಕ್ಕಿದ್ದವು. 2001ರ ಫೆಬ್ರವರಿ 12ರಂದು ಅದು ಈರೋಸಿನ ಮೇಲೆ ಮೆಲ್ಲಗೆ ಇಳಿದು ಕೆಡದೆ ಉಳಿದಾಗ, ನೆಲಕ್ಕೆ ಅಂಟಿದಂತಿದ್ದ ಗಾಮಾ ಶೋಧಕ ಆ ತಿಂಗಳ ಕೊನೆಯವರೆಗೆ ಸ್ಪಷ್ಟವಾದ ರೋಹಿತ ಕಳಿಸಿತು. 2023ರ ಅಕ್ಟೋಬರಿನಲ್ಲಿ ಹೊರಟ ಸೈಕಿ ನೌಕೆ, ಲೋಹದ ಅಂಶ ಹೆಚ್ಚೆಂದು ಭಾವಿಸಲಾದ ಅದೇ ಹೆಸರಿನ ಕ್ಷುದ್ರಗ್ರಹದ ಕಬ್ಬಿಣ, ನಿಕಲ್‌ಗಳನ್ನು ಇದೇ ವಿಧಾನದಿಂದ ಅಳೆಯುವ ಗುರಿ ಹೊತ್ತಿದೆ. ತಲುಪಬೇಕಾದ ವರ್ಷ 2029.