ಕೋಣನಕುಂಟೆಯ ಮನೆ ಮತ್ತು ‘ಸಯನೈಡ್’



ಭಯೋತ್ಪಾದಕರ ಬೇಟೆಯ ಚಲನಚಿತ್ರವೆಂದರೆ ಕೊನೆಗೆ ನಾಯಕ ಗೆಲ್ಲಲೇಬೇಕೆಂಬುದು ವಾಡಿಕೆ. ಎ.ಎಂ.ಆರ್. ರಮೇಶ್ ನಿರ್ದೇಶಿಸಿ 2006ರಲ್ಲಿ ತೆರೆಕಂಡ ‘ಸಯನೈಡ್’ ಆ ವಾಡಿಕೆಯನ್ನು ಮುರಿದ ಕನ್ನಡ ಚಿತ್ರ. ಅದರಲ್ಲಿ ಯಾರೂ ಗೆಲ್ಲುವುದಿಲ್ಲ. ರಾಜೀವ್ ಗಾಂಧಿಯವರ ಹಂತಕರಿಗೆ ಆಶ್ರಯವಿತ್ತ ದಂಪತಿಗಳಾಗಿ ರಂಗಾಯಣ ರಘು ಮತ್ತು ತಾರಾ ನಟಿಸಿದ್ದಾರೆ. ಬಾಗಿಲು ಮುಚ್ಚಿದ ಮನೆಯೊಳಗಿನ ಭಯವೇ ಅಲ್ಲಿಯ ಕಥೆ.

ಹೊಸ ಅಗ್ರಹಾರದಲ್ಲಿ ಇತಿಹಾಸ ಬೋಧಿಸುವಾಗ ನಾನು ಮೊದಲು ಹೇಳುತ್ತಿದ್ದುದು ಆಧಾರಗಳ ಪಾಠವನ್ನು. ಈ ಪ್ರಕರಣವೂ ಅದೇ ಪಾಠವೆಂದು ನನ್ನ ಭಾವನೆ. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ಬಾಂಬು ಸಿಡಿದಾಗ ಛಾಯಾಗ್ರಾಹಕ ಹರಿಬಾಬುವೂ ಸತ್ತನು. ಆದರೆ ಅವನ ಕ್ಯಾಮೆರಾ ಉಳಿಯಿತು. ಅದರೊಳಗಿನ ಹತ್ತು ಚಿತ್ರಗಳೇ ತನಿಖೆಗೆ ದಾರಿ ತೋರಿದವು. ಹಾರ ಹಿಡಿದ ಧನು, ಕುರ್ತಾ ಪೈಜಾಮ ಧರಿಸಿದ ಶಿವರಾಸನ್ ಅವುಗಳಲ್ಲಿ ಕಾಣಿಸಿಕೊಂಡರು. ವಿಶೇಷ ತನಿಖಾ ದಳದ ಮುಖ್ಯಸ್ಥರಾದ ಡಿ.ಆರ್. ಕಾರ್ತಿಕೇಯನ್ ಅವರು ಕರ್ನಾಟಕ ಶ್ರೇಣಿಯ ಪೊಲೀಸ್ ಅಧಿಕಾರಿಯೇ.

ಬೆನ್ನಟ್ಟುವಿಕೆ ಆ ಆಗಸ್ಟ್‌ನಲ್ಲಿ ನಮ್ಮ ನಾಡಿಗೇ ಬಂದಿತು. ನಮ್ಮ ಚುಂಚನಕಟ್ಟೆಯಲ್ಲಿ ಧುಮುಕುವ ಕಾವೇರಿಯೇ ಮುಂದೆ ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಗೆ ಹರಿಯುತ್ತಾಳೆ. ಮುತ್ತೆತ್ತರಾಯನ ಆ ಸನ್ನಿಧಿಯ ಊರಿನಲ್ಲಿ ಅಡಗಿದ್ದ ಎಲ್‌ಟಿಟಿಇ ಸದಸ್ಯರಲ್ಲಿ ಹಲವರು, ಪೊಲೀಸರು ಸುತ್ತುವರಿದಾಗ ಸಯನೈಡ್ ನುಂಗಿದರು. ಅತ್ತ ಬೆಂಗಳೂರಿನ ಅಂದಿನ ಹೊರವಲಯವಾದ ಕೋಣನಕುಂಟೆಯಲ್ಲಿ ಶಿವರಾಸನ್, ಶುಭಾ ಮುಂತಾದವರಿದ್ದ ಮನೆಗೆ ಮುತ್ತಿಗೆ ಬಿದ್ದಿತು. ಕಮಾಂಡೊಗಳು ಒಳನುಗ್ಗಿದ್ದು ಆಗಸ್ಟ್ 20ರಂದು, ರಾಜೀವರ ಜನ್ಮದಿನದಂದೇ. ದೊರೆತದ್ದು ಏಳು ಶವಗಳು. ಶಿವರಾಸನ್ ಗುಂಡು ಹಾರಿಸಿಕೊಂಡಿದ್ದನು. ಉಳಿದವರು ವಿಷ ನುಂಗಿದ್ದರು.

ಕೊರಳಿನ ಆ ವಿಷದ ಕುಪ್ಪಿ ಕೇವಲ ಪ್ರಾಣ ತೆಗೆಯುವ ಸಾಧನವಲ್ಲ, ಸಾಕ್ಷ್ಯವನ್ನು ಅಳಿಸುವ ಸಾಧನ. ಅಪರಾಧಿ ಜೀವಂತ ಸಿಕ್ಕರೆ ಮಾತ್ರ ಸಂಚಿನ ಬೇರು ತಿಳಿಯುತ್ತದೆ. ಸತ್ತ ಛಾಯಾಗ್ರಾಹಕನ ಕ್ಯಾಮೆರಾ ಮಾತನಾಡಿತು. ಸಂಚನ್ನು ಸ್ಥಳದಲ್ಲಿದ್ದು ನಡೆಸಿದವನು ಮಾತಿಲ್ಲದೆ ಹೋದನು.

ಉಳಿದವರ ವಿಚಾರಣೆ ವರ್ಷಗಟ್ಟಲೆ ನಡೆಯಿತು. 1998ರ ಜನವರಿ 28ರಂದು ವಿಶೇಷ ನ್ಯಾಯಾಲಯವು 26 ಮಂದಿಗೂ ಮರಣದಂಡನೆ ವಿಧಿಸಿತು. ಕೋಣನಕುಂಟೆಯಲ್ಲಿ ಆಶ್ರಯ ಕೊಟ್ಟಾತನೂ ಅವರಲ್ಲೊಬ್ಬ. 1999ರ ಮೇ 11ರಂದು ಸುಪ್ರೀಂ ಕೋರ್ಟು 19 ಮಂದಿಯನ್ನು ಬಿಡುಗಡೆ ಮಾಡಿತು. ಅವರಲ್ಲಿ ಆತನೂ ಇದ್ದನು. ಶಿಕ್ಷೆ ಉಳಿದ ಏಳು ಮಂದಿಯಲ್ಲಿ ಕಡೆಯವರು ಸೆರೆಯಿಂದ ಹೊರಬಂದದ್ದು 2022ರಲ್ಲಿ.

ಚಿತ್ರವನ್ನು ನೋಡುವವರು ಬಂದೂಕಿನ ಸದ್ದಿಗಿಂತ ಆ ಗೃಹಿಣಿಯ ಮುಖವನ್ನು ಗಮನಿಸಿರಿ. ದೊಡ್ಡ ಇತಿಹಾಸವು ದೆಹಲಿಯಲ್ಲಿ ಮಾತ್ರ ನಡೆಯುವುದಿಲ್ಲ; ಬಾಡಿಗೆ ಮನೆಯ ಅಡುಗೆಕೋಣೆಗೂ ಅದು ಹೇಳದೆ ಕೇಳದೆ ಬಂದು ಕೂರುತ್ತದೆ.