ಆಳಂದ

ಕಲಬುರಗಿ ಜಿಲ್ಲೆಯ ತಾಲ್ಲೂಕು ಕೇಂದ್ರ. ಜಿಲ್ಲಾ ಕೇಂದ್ರದಿಂದ ವಾಯವ್ಯಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ, ಮಹಾರಾಷ್ಟ್ರದ ಉಮರ್ಗಾ, ಅಕ್ಕಲಕೋಟೆ ತಾಲ್ಲೂಕುಗಳಿಗೆ ಹತ್ತಿರದಲ್ಲಿದೆ. 2011ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ 42 ಸಾವಿರ ದಾಟಿತ್ತು. ಸುತ್ತಲಿನದು ಕಪ್ಪು ನೆಲ, ಮಳೆಯಾಶ್ರಿತ ತೊಗರಿ ಮತ್ತು ಜೋಳದ ಸೀಮೆ. ತಾಲ್ಲೂಕಿನ ನದಿ ಅಮರ್ಜಾ; ಅದು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ.

ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇದು ಆಳಂದೆ ಸಾಸಿರವೆಂಬ ಆಡಳಿತ ವಿಭಾಗದ ಮುಖ್ಯ ಊರು. ಇದನ್ನು ಹೇಳಿ ನೇರವಾಗಿ ನಿಜಾಮರ ಕಾಲಕ್ಕೆ ಹಾರುವುದು ಊರ ಚರಿತ್ರೆ ಬರೆಯುವವರ ರೂಢಿ. ನಡುವಿನ ಶತಮಾನಗಳ ಬಗ್ಗೆ ಬೆಲೆಯುಳ್ಳ ಮಾಹಿತಿ ಇರುವುದು ಬಹುತೇಕ ಆಳಂದದ ಹೊರಗಿನ ದಾಖಲೆಗಳಲ್ಲಿ.

ಮೊದಲನೆಯದು ಈಗಿನ ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನ, ಕಾಲ ಸುಮಾರು ಕ್ರಿ.ಶ. 1200. ಶಿವಶರಣ ಏಕಾಂತದ ರಾಮಯ್ಯ ಹುಟ್ಟಿದ್ದು ಆಳಂದೆಯಲ್ಲಿ, ತಂದೆ ಶ್ರೀವತ್ಸ ಗೋತ್ರದ ಪುರುಷೋತ್ತಮ ಭಟ್ಟ ಎಂದು ಅದು ಹೇಳುತ್ತದೆ. ಜೈನರೊಡನೆ ಪಂಥ ಕಟ್ಟಿ ತಲೆಯನ್ನು ಕತ್ತರಿಸಿಕೊಂಡು ಮರಳಿ ಪಡೆದ ಪವಾಡ, ದೊರೆ ಬಿಜ್ಜಳ ಕೊಟ್ಟ ಜಯಪತ್ರ ಇವೆಲ್ಲ ಅದೇ ಶಾಸನದಲ್ಲಿವೆ. ಈ ಶಾಸನವನ್ನು ಪ್ರಕಟಿಸಿದ ಫ್ಲೀಟ್, ಅದರಲ್ಲಿ ಬಸವಣ್ಣನ ಹೆಸರಿಲ್ಲದ್ದನ್ನು ಕಂಡು, ವೀರಶೈವ ಚಳವಳಿಯ ಮೂಲಪುರುಷ ರಾಮಯ್ಯನೇ ಇರಬೇಕೆಂದು ಊಹಿಸಿದರು. ಬಸವಣ್ಣನನ್ನು ಹೆಸರಿಸುವ 1260ರ ಅರ್ಜುನವಾಡ ಶಾಸನ ಬೆಳಕಿಗೆ ಬಂದ ಮೇಲೆ ಆ ಊಹೆ ನಿಲ್ಲಲಿಲ್ಲ. ಹರಿಹರ ಈ ಶರಣನ ಮೇಲೆ ರಗಳೆ ಬರೆದ. ಇಷ್ಟಾದರೂ ರಾಮಯ್ಯನ ಹೆಸರಿನೊಡನೆ ಜನ ನೆನೆಯುವುದು ಅಬ್ಬಲೂರನ್ನೇ. ಹುಟ್ಟೂರಿನ ಪಾಲು ಅಡಿಟಿಪ್ಪಣಿಯಷ್ಟು.

ಎರಡನೆಯ ದಾಖಲೆ ರಷ್ಯದ ತ್ವೇರ್ ನಗರದ ವ್ಯಾಪಾರಿ ಅಫನಾಸಿ ನಿಕಿತಿನ್‌ನದು. 15ನೆಯ ಶತಮಾನದ ಉತ್ತರಾರ್ಧದಲ್ಲಿ, ಮಹಮೂದ್ ಗವಾನ್ ಬಹಮನಿ ರಾಜ್ಯದ ಪ್ರಧಾನಿಯಾಗಿದ್ದಾಗ, ಈತ ಬೀದರಿನಲ್ಲಿದ್ದ. ಶೇಖ್ ಅಲಾವುದ್ದೀನರ ನೆನಪಿನಲ್ಲಿ ಆಳಂದದಲ್ಲಿ ವರ್ಷಕ್ಕೊಮ್ಮೆ ಹತ್ತು ದಿನದ ಸಂತೆ ಕೂಡುತ್ತದೆ, ಮಾರಾಟಕ್ಕೆ 20,000ದವರೆಗೆ ಕುದುರೆಗಳು ಬರುತ್ತವೆ, ಹಿಂದುಸ್ತಾನದಲ್ಲೇ ಇದಕ್ಕಿಂತ ಒಳ್ಳೆಯ ಸಂತೆಯಿಲ್ಲ ಎಂದು ಬರೆದುಕೊಂಡಿದ್ದಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಬರೆದವನು ತಾನೇ ಒಂದು ಕುದುರೆಯನ್ನು ಸಮುದ್ರ ದಾಟಿಸಿ ತಂದು ಮಾರಿದವನು, ವ್ಯಾಪಾರ ತಿಳಿದವನು. ವಿಜಯನಗರದೊಡನೆ ಸದಾ ಸೆಣಸುತ್ತಿದ್ದ ಬಹಮನಿಗಳಿಗೆ ಕುದುರೆ ಬೇಕೇ ಬೇಕಿತ್ತು. ರಾತ್ರಿ ಕೂಗುತ್ತ ಹಾರಾಡುವ ‘ಗುಕುಕ್’ ಹಕ್ಕಿ ಯಾವ ಮನೆಯ ಮೇಲೆ ಕೂರುತ್ತದೋ ಅಲ್ಲಿ ಸಾವು ಖಚಿತ ಎಂಬ ಮಾತನ್ನೂ ಇದೇ ಊರಿನ ಹೆಸರಿನಲ್ಲಿ ಸೇರಿಸಿದ್ದಾನೆ. ಗೂಬೆಯ ಬಗ್ಗೆ ನಮ್ಮ ಹಳ್ಳಿಗಳ ನಂಬಿಕೆ ಬಲ್ಲವರಿಗೆ ಇದು ಹೊಸದೇನಲ್ಲ.

ಇಲ್ಲೊಂದು ಗೊಂದಲವಿದೆ. ಬೀದರಿನಿಂದ ಈ ಊರು 12 ‘ಕೋವ್’ ದೂರ ಎಂದಿದ್ದಾನೆ ನಿಕಿತಿನ್. ಅದನ್ನು ಹರದಾರಿ ಎಂದು ಓದಿದರೆ ದೂರ ತೀರ ಕಡಿಮೆಯಾಗಿ, ಊರು ಬೇರೆಯೇ ಇರಬೇಕೆನಿಸುತ್ತದೆ. ಒಂದು ಕೋವ್‌ಗೆ 10 ವೆರ್ಸ್ತ್, ಅಂದರೆ ಸುಮಾರು ಹತ್ತೂವರೆ ಕಿ.ಮೀ. ಎಂಬ ಅವನದೇ ಲೆಕ್ಕ ಹಿಡಿದರೆ ಆಳಂದಕ್ಕೆ ಬಹುಮಟ್ಟಿಗೆ ಹೊಂದುತ್ತದೆ. ಅವನು ಹೇಳುವ ಶೇಖ್, ಇಂದು ಲಾಡ್ಲೆ ಮಶಾಕ್ ಎಂದು ಹೆಸರಾದ ಅಲಾವುದ್ದೀನ್ ಅನ್ಸಾರಿ. ಅವರ ದರ್ಗಾ ಈಗಲೂ ಊರಿನ ಮುಖ್ಯ ಯಾತ್ರಾಸ್ಥಳ.

ಮೂರನೆಯದು ಮರಾಠಿ ಸಂತರ ಗುರುಪರಂಪರೆ. ತುಕಾರಾಮರ ಗುರುಗಳ ಸಾಲಿನಲ್ಲಿ ಬರುವ ರಾಘವ ಚೈತನ್ಯರ ಸಮಾಧಿ ‘ಆಳಂದೆ’ಯಲ್ಲಿದೆ ಎಂಬುದು ಪರಂಪರೆಯ ಮಾತು. ಪುಣೆಯ ಬಳಿಯ ಆಳಂದಿ ಜ್ಞಾನೇಶ್ವರರದು. ಇವೆರಡನ್ನೂ ಒಂದೆಂದು ತಿಳಿಯಬಾರದು. ಲಾಡ್ಲೆ ಮಶಾಕ್ ದರ್ಗಾದ ಆವರಣದಲ್ಲಿರುವ ಶಿವಲಿಂಗ ರಾಘವ ಚೈತನ್ಯರ ಹೆಸರಿನಲ್ಲೇ ಪೂಜೆಗೊಳ್ಳುತ್ತದೆ.

ಬಿಜಾಪುರದ ಆದಿಲ್‌ಶಾಹಿ, ಮೊಗಲರು ಮುಗಿದು ನಿಜಾಮರ ಆಳ್ವಿಕೆಯಲ್ಲಿ ಆಳಂದ ಪಾಯಿಗಾ ತಾಲ್ಲೂಕಾಗಿತ್ತು. ಸೈನ್ಯ ಸಾಕಲೆಂದು ಶಂಸುಲ್ ಉಮರಾ ಮನೆತನಕ್ಕೆ ಬಿಟ್ಟುಕೊಟ್ಟ ಜಹಗೀರುಗಳಿವು. ಇಲ್ಲಿನ ರೈತ ಕಂದಾಯ ಕಟ್ಟುತ್ತಿದ್ದುದು ನೇರವಾಗಿ ನಿಜಾಮರಿಗಲ್ಲ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ, ಮರುವರ್ಷ ಜಹಗೀರುಗಳ ರದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರ್ಪಡೆ ಸುತ್ತಲಿನ ಸೀಮೆಯ ಕಥೆಯೇ. ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣವಿದೆ.

ಈಚಿನ ವರ್ಷಗಳಲ್ಲಿ ಊರು ಸುದ್ದಿಯಾದದ್ದು ಎರಡು ಪ್ರಕರಣಗಳಿಂದ. 2022ರ ಮಾರ್ಚ್ 1ರ ಶಿವರಾತ್ರಿಯಂದು ದರ್ಗಾದ ಶಿವಲಿಂಗದ ಪೂಜೆಯ ವಿಚಾರದಲ್ಲಿ ಘರ್ಷಣೆಯಾಯಿತು. ಮರುವರ್ಷ ವಕ್ಫ್ ನ್ಯಾಯಮಂಡಳಿ ಉರುಸಿನ ವಿಧಿಗೂ ಪೂಜೆಗೂ ಬೇರೆ ಬೇರೆ ಹೊತ್ತು ಗೊತ್ತುಮಾಡಿ, ಪೂಜೆಗೆ 15 ಜನರಿಗೆ ಅವಕಾಶ ಕೊಟ್ಟಿತು. ಇನ್ನೊಂದು, 2023ರ ವಿಧಾನಸಭಾ ಚುನಾವಣೆಗೆ ಮುಂಚಿನದು. ಮತದಾರರ ಪಟ್ಟಿಯಿಂದ ಹೆಸರು ತೆಗೆಯುವಂತೆ ಕೋರಿ ಆಳಂದ ಕ್ಷೇತ್ರದಲ್ಲಿ ಆನ್‌ಲೈನ್ ಮೂಲಕ 6,018 ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ಸರಿಯಾದವು 24 ಮಾತ್ರ. ಉಳಿದ 5,994 ತಿರಸ್ಕೃತವಾದವು. 2025ರ ಸೆಪ್ಟೆಂಬರಿನಲ್ಲಿ ವಿಷಯ ರಾಷ್ಟ್ರಮಟ್ಟದ ಚರ್ಚೆಗೆ ಬಂದ ಮೇಲೆ ರಾಜ್ಯ ಸರ್ಕಾರ ಇದರ ತನಿಖೆಯನ್ನು ವಿಶೇಷ ತನಿಖಾ ತಂಡಕ್ಕೆ ವಹಿಸಿತು.